ಓಡಿಸುವ ವಿದ್ಯೆ

ಇಪ್ಪತ್ತೊಂದನೇ ಕಿಲೋಮೀಟರಿಗೆ ಲಖನ ಮತ್ತೆ ನಿಂತ. ಹೋದ ಆಯತವಾರವೂ ಇಲ್ಲೇ, ಇದೇ ಕಾಲುವೆ ದಂಡೆಯ ಮೇಲೆ ನಿಂತಿದ್ದ. ಕಿವಿಯೊಳಗೆ ಮೊಬೈಲಿನ ಭಾಷಣಕಾರನೊಬ್ಬ "ನಿಮ್ಮೊಳಗಿನ ಸಿಂಹವನ್ನು ಎಬ್ಬಿಸಿ" ಎಂದು ಒದರುತ್ತಿದ್ದ. ಮೆತ್ತನೆ ಕುರ್ಚಿ ಬಿಟ್ಟು ತಾನು ಏಳದವನು ಕಂಡವರ ಸಿಂಹ ಎಬ್ಬಿಸಲು ಹೊರಟಿದ್ದ! ಲಖನನ ಸಿಂಹ ತಂಗಳ ರೊಟ್ಟಿ ತಿಂದು ಬಂದಿತ್ತು, ಏಳಲಿಲ್ಲ. ಭಾಷಣದ ನಡುವೆ ಮಂಡಿನೋವಿನ ಮುಲಾಮಿನ ಜಾಹೀರಾತು ಬಂತು. ಲಖನ ವಯರು ಕಿತ್ತು ಕಿಸೆಗೆ ತುರುಕಿ ಅಲ್ಲೇ ಕುಕ್ಕರಿಸಿದ.

ಬೆಳಗಾವಿಯ ಓಟದ ತಂಡದ ಕೋಚ್ ಕಡ್ಡಿ ಮುರಿದಂತೆ ಹೇಳಿದ್ದ: ಬರುವ ಆಯತವಾರದೊಳಗೆ ಮೂವತ್ತೆರಡು ಕಿಲೋಮೀಟರು ನಿಲ್ಲದೆ ಓಡಬೇಕು, ಮೊಬೈಲಿನಲ್ಲಿ ಅದರ ದಾಖಲೆ ಕಳಿಸಬೇಕು. ಕಳಿಸಿದರೆ ಮ್ಯಾರಥಾನಿಗೆ ತಂಡದ ಅಂಗಿ, ಹಾಸ್ಟೆಲಿನಲ್ಲಿ ಒಂದು ಮಂಚ, ಎರಡು ಹೊತ್ತು ಊಟ. ಇಲ್ಲದಿದ್ದರೆ ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ಲಖನನಿಗೆ ಮುಗಳಖೋಡದ ಸತ್ತೆಪ್ಪ ಸಾವಕಾರನ ಗಾಡಿ ಓಟದ ಶರ್ಯತ್ತಿನ ಎತ್ತುಗಳ ಸಗಣಿ ಬಳಿಯುವುದು ಇದ್ದೇ ಇತ್ತು, ಸಾಯುವ ತನಕ.

ಕಬ್ಬಿಗೆ ನೀರು ಹಾಯಿಸಲು ಹೊರಟಿದ್ದ ಸತ್ತೆಪ್ಪನೇ ಬೈಕು ನಿಲ್ಲಿಸಿದ. "ಯಾಕಲೇ ಲಖ್ಯಾ, ಕುಂತಿ?"

"ಮೋಟಿವೇಶನ್ ಬರವಲ್ದ್ರಿ ಸಾವ್ಕಾರ್ರ."

"ಎಲ್ಲಿಂದ ಬರಬೇಕಾಗೇತಿ ಅದು, ಪುಣೇದಿಂದ?"

"ಒಳಗಿಂದ ಬರಬೇಕಂತ್ರಿ."

"ಒಳಗಿಂದ ಬರೂದು ತೇಗು. ಓಟ ಹಿಂದಿನಿಂದ ಬರತೈತಲೇ! ಹನ್ನೆರಡ ವರ್ಷ ಆತು ಶರ್ಯತ್ತಿಗಿ ಎತ್ತ ಹೂಡಾಕತ್ತಿ. ಒಂದರ ಎತ್ತು ಮೋಟಿವೇಶನ್ ಅಂತ ಕುಂತದ್ದ ನೋಡಿಯೇನು? ಬರೂ ಆಯತವಾರ ನಾ ಬರ್ತೀನಿ ತಡಿ."

ಸಾವಕಾರ ನೀರಿನ ಬಾಟಲಿ ಹಿಡಿದು ಬರುತ್ತಾನೆಂದು ಲಖನ ತಿಳಿದಿದ್ದ. ಆಯತವಾರ ನಸುಕಿಗೆ ಬಂದದ್ದು ಸೈಲೆನ್ಸರ್ ಕಿತ್ತ ಎರಡು ಬೈಕು, ಸತ್ತೆಪ್ಪ ಸೇರಿ ನಾಲ್ಕು ಜನ, ಒಂದು ಬಾರಕೋಲು. ಈ ಸೀಮೆಯ ಗಾಡಿ ಶರ್ಯತ್ತಿನಲ್ಲಿ ಎತ್ತಿನ ಬೆನ್ನಿಗೆ ಬೈಕು ಬಿಟ್ಟು, ಹಾರ್ನ್ ಒತ್ತಿ, ಗಂಟಲು ಹರಿಯುವಂತೆ ಕೂಗಿ ಓಡಿಸುವುದು ಪದ್ಧತಿ. ಅದೇ ಪದ್ಧತಿ ಲಖನನಿಗೂ ಬಂತು. ತೊಡೆಗೆ ಅರಿಷಿಣ ಎಣ್ಣೆ ತಿಕ್ಕಿದರು, ಹಣೆಗೆ ದೇವರ ಭಂಡಾರದ ಪುಡಿ ಬಡಿದರು. ಪುಣ್ಯಕ್ಕೆ ಕೊಂಬಿರಲಿಲ್ಲ, ಇದ್ದಿದ್ದರೆ ಅದಕ್ಕೂ ಬಣ್ಣ ಬೀಳುತ್ತಿತ್ತು.

"ಹೋ ಹೋ ಹೋ! ಬಿಡಬ್ಯಾಡ, ಒತ್ತು!"

ಲಖನ ಓಡಿದ. ಹಿಮ್ಮಡಿಗೆ ಗಾಲಿ ತಾಕುವಂತಿದ್ದರೆ ಯಾವ ಮಗ ಓಡುವುದಿಲ್ಲ? ಇಪ್ಪತ್ತೊಂದನೇ ಕಿಲೋಮೀಟರು ಯಾವಾಗ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ. ಇಪ್ಪತ್ತಾರಕ್ಕೆ, ಗಾಳಿಗೆ ಬೀಸುತ್ತಿದ್ದ ಬಾರಕೋಲು ಒಮ್ಮೆ ಗಾಳಿ ತಪ್ಪಿ ಬೆನ್ನಿಗೆ ಬಿತ್ತು. ತಿರುಗಿ ನಿಂತು ಬೀಸಿದವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ನಿಂತರೆ ದಾಖಲೆ ಕೆಡುತ್ತದೆ. ಹಲ್ಲು ಕಚ್ಚಿ ಓಡಿದ. ದಾರಿಬದಿಯ ತೋಟದ ವಸ್ತಿಗಳ ಜನ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ರಸ್ತೆಗೆ ಬಂದರು.

"ಯಾರದ್ರಿ ಇದು?"

"ಮುಗಳಖೋಡ ಸತ್ತೆಪ್ಪ ಸಾವ್ಕಾರ್ರದು!"

"ಭಾರಿ ಸಾಕ್ಯಾರ ಬಿಡ್ರಿ!"

ಓಡುವವನ ಹೆಸರು ಒಬ್ಬರೂ ಕೇಳಲಿಲ್ಲ.

ಕಬ್ಬೂರ ಮುಟ್ಟಿದಾಗ ಮೊಬೈಲು ಮೂವತ್ತೆರಡು ತೋರಿಸಿತು. ಲಖನ ಅಲ್ಲೇ ಕುಕ್ಕರಿಸಿ ದಾಖಲೆ ಕಳಿಸಿದ. ಉಸಿರು ತಿರುಗುವಷ್ಟರಲ್ಲಿ ಕೋಚ್ ಉತ್ತರ ಬರೆದಿದ್ದ: "ಶಾಬಾಸ್. ಸಂಜೆಯೊಳಗೆ ಬಾ, ಮಂಚ ಖಾಲಿ ಇದೆ." ಲಖನನಿಗೆ ಅಳು ಬಂತು. ಅತ್ತ ಹಾರ್ನಿನ ಸದ್ದಿಗೆ ಕೂಡಿದ ಜನ ಸತ್ತೆಪ್ಪನ ತಲೆಯ ಮೇಲೆ ಗುಲಾಲು ಸುರಿಯುತ್ತಿದ್ದರು, ಯಾರೋ ಮಾಲೆಯನ್ನೂ ತಂದಿದ್ದರು.

ಎತ್ತಿನ ದಲಾಲಿ ಗುರಪ್ಪ ಮಾತ್ರ ಲಖನನ ಹತ್ತಿರ ಬಂದ. ಸುತ್ತ ಒಂದು ಸುತ್ತು ಹಾಕಿ, ಮೀನಖಂಡ ಹಿಚುಕಿ, ಹೆಬ್ಬೆರಳಿನಿಂದ ಮೇಲಿನ ತುಟಿ ಎತ್ತಿದ. "ಹಲ್ಲ ಚಲೋ ಅದಾವ. ಸಾವ್ಕಾರ್ರ, ನಮ್ಮ ಊರಾಗೂ ಒಂದ ಹಿಂತಾದ ಐತಿ. ಮುಂದಿನ ಆಯತವಾರ ಶರ್ಯತ್ತ ಇಡೂಣೇನು? ಗೆದ್ದಾಂವಗ ಒಂದ ಬೈಕ್."

"ಇಡೋ!" ಎಂದ ಸತ್ತೆಪ್ಪ.

ಲಖನ ದಲಾಲಿಯ ಕೈ ತಳ್ಳಿ ಎದ್ದ. "ನಾ ಬೆಳಗಾವಿಗಿ ಹೊಂಟೇನ್ರಿ ಸಾವ್ಕಾರ್ರ. ಕರದಾರ."

"ಬೆಳಗಾವ್ಯಾಗ ಏನ ಕೊಡ್ತಾರಲೇ? ಕೊರಳಾಗೊಂದು ಬಿಲ್ಲೆ. ಇಲ್ಲಿ ಬೈಕ್ ಐತಿ, ಬೈಕ್!"

"ಬೈಕ್ ಯಾರಿಗ್ರಿ?"

ಸತ್ತೆಪ್ಪ ಹೊಟ್ಟೆ ಕುಣಿಯುವಂತೆ ನಕ್ಕ. "ಕೇಳ್ರೆಪಾ ಇವನ ಮಾತ! ನಾ ಹತ್ತಿ ಬಂದ ಈ ಬೈಕ್ ಗೆದ್ದದ್ದು ನಮ್ಮ ಹರಣ್ಯಾ ಎತ್ತು. ಅದೇನ ಇದನ್ನ ಹತ್ತಿ ಪ್ಯಾಟಿಗಿ ಹೋಗತೈತೇನಲೇ?"

ಎಲ್ಲರೂ ನಕ್ಕರು. ಲಖನ ಹಣೆಯ ಭಂಡಾರ ತೋಳಿನಿಂದ ಒರೆಸಿದ, ಉಗುಳಿದ, ಬೆಳಗಾವಿ ಕಡೆಯ ಚಿಕ್ಕೋಡಿ ರಸ್ತೆ ಹಿಡಿದು ಓಟ ಕಿತ್ತ. ಹಿಂದೆ ಹಾರ್ನಿಲ್ಲ, ಕೂಗಿಲ್ಲ. ಕಾಲು ಮಾತ್ರ ಮೊದಲಿಗಿಂತ ಜೋರು ಹೋಗುತ್ತಿದ್ದವು.

ಒಬ್ಬ ಗಡಬಡಿಸಿ ಬೈಕಿಗೆ ಕಿಕ್ ಹೊಡೆಯಹೋದ. ಸತ್ತೆಪ್ಪ ಮೀಸೆಯ ಗುಲಾಲು ಝಾಡಿಸುತ್ತ ಅವನ ಕೈ ಹಿಡಿದ.

"ಪೆಟ್ರೋಲ್ ಯಾಕ ಸುಡ್ತಿ? ಮೇವಿನ ಹೊತ್ತಿಗಿ ತಾನ ಕೊಟ್ಟಿಗ್ಯಾನ ಗ್ವಾದ್ಲಿಗಿ ಬರತೈತಿ."