ಅವ್ವನ ರಕ್ತ

"ನನ್ನ ರಕ್ತ ಯಾಕೆ? ಮಕ್ಕಳನ್ನ ಕಳ್ಕೊಂಡೋಳು ಅವ್ಳು," ಎಂದು ನಂಜಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಸಕಲೇಶಪುರದ ಡಾಕ್ಟರ್ ಮರೀನಾ ಮತ್ತೊಮ್ಮೆ ವಿವರಿಸಿದರು. ನಂಜಮ್ಮನ ಮಗಳು ಚೈತ್ರಶ್ರೀ ಹೆತ್ತ ಎರಡೂ ಗಂಡುಕೂಸುಗಳು ವಾರ ತುಂಬುವ ಮೊದಲೇ ತೀರಿಹೋಗಿದ್ದವು. ಎರಡನೆಯದರ ರಕ್ತದಲ್ಲಿ ಅಮೋನಿಯಾ ವಿಪರೀತ ಏರಿತ್ತು. ಕುಡಿದ ಹಾಲೇ ಮೈಯಲ್ಲಿ ವಿಷವಾಗುವ ಕಾಯಿಲೆ, ತಾಯಿಯ ಕಡೆಯಿಂದ ಇಳಿದು ಹೆಚ್ಚಾಗಿ ಗಂಡುಕೂಸುಗಳನ್ನೇ ಬಲಿ ತೆಗೆದುಕೊಳ್ಳುವಂಥದ್ದು. ಈಗ ಚೈತ್ರ ಮತ್ತೆ ಬಸುರಿ. ತಾಯಿ ಮಗಳಿಬ್ಬರ ರಕ್ತ ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋದರೆ ದೋಷ ಎಲ್ಲಿದೆಯೆಂದು ತಿಳಿಯುತ್ತದೆ, ಈ ಮಗುವಿಗೆ ಹುಟ್ಟಿದ ಗಳಿಗೆಯಿಂದಲೇ ಚಿಕಿತ್ಸೆ ಕೊಡಬಹುದು.

ನಂಜಮ್ಮ ನಂಬಲಿಲ್ಲ. ಹೆಣ್ಣು ಕೊಟ್ಟವರಿಗೆ ಡಾಕ್ಟರ ಮೇಲೆ ನಂಬಿಕೆ ಬರುವುದು ಕಷ್ಟ, ಬೀಗಿತ್ತಿಯ ಮೇಲಂತೂ ಬರುವುದೇ ಇಲ್ಲ. ಆ ಬೀಗಿತ್ತಿ, ಚೈತ್ರಳ ಅತ್ತೆ ದೇವೀರಮ್ಮ, ಪರದೆಯ ಆಚೆ ಬೆಂಚಿನ ಮೇಲೇ ಕೂತಿದ್ದಳು. ಯಸಳೂರಿನಿಂದ ಬಸ್ಸಿನುದ್ದಕ್ಕೂ ಕೆಮ್ಮುತ್ತಾ ಬಂದವಳು ಈಗ ಕೆಮ್ಮನ್ನೂ ನಿಲ್ಲಿಸಿದ್ದಳು.

"ಇದೆಲ್ಲ ಆಯಮ್ಮನ ಹುನ್ನಾರ ಕಣೆ," ನಂಜಮ್ಮ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು. "ನಮ್ಮ ರಕ್ತ ಕೆಟ್ಟೈತೆ ಅಂತ ಹೇಳಿಸ್ಬುಟ್ಟು ನಿನ್ನ ತೌರಿಗೆ ಅಟ್ತಾಳೆ, ಮಗನಿಗೆ ಬೇರೆ ಹೆಣ್ಣು ತತ್ತಾಳೆ. ಆಮೇಲೆ ದೀಪಶ್ರೀನ ಯಾರು ಮಾಡ್ಕೊತಾರೆ? ಮುಂದಿನ ತಿಂಗಳು ನಿನ್ನ ತಂಗಿ ನಿಶ್ಚಿತಾರ್ಥ ಐತೆ, ಮರೆತ್ಬುಟ್ಯಾ?"

"ನಿಮಗೂ ಹೀಗೆ ಗಂಡುಕೂಸು ತೀರಿಕೊಂಡಿದ್ದುಂಟಾ?" ಮರೀನಾ ಕೇಳಿದರು.

"ಇಲ್ಲ. ನಂಗಿರೋದು ಎರಡು ಹೆಣ್ಣು. ಎರಡೂ ಗುಂಡುಕಲ್ಲಿನಂಗವೆ."

ಕೇಳಿ ಮುಗಿಸುವ ಮೊದಲೇ ಬಂದ ಉತ್ತರ. ಚೈತ್ರ ತಲೆಯೆತ್ತಿ ಅವ್ವನನ್ನು ನೋಡಿದಳು. ಆ ನೋಟ ನಂಜಮ್ಮನಿಗೆ ಹಿಡಿಸಲಿಲ್ಲ.

"ಅವ್ವ, ನನ್ನ ಚೊಚ್ಚಲ ಬಾಣಂತನ ನಿನ್ನ ಮನೇಲೇ ಆಗಿದ್ದು. ಮಗು ಚೆನ್ನಾಗೇ ಇತ್ತು, ಅಪ್ಪ ಊರಿಗೆಲ್ಲ ಸಕ್ಕರೆ ಹಂಚ್ತಿತ್ತು. ನೀನೊಬ್ಳು ಹಾಸಿಗೆ ಹತ್ರ ಕೂತು ಅದರ ಅಂಗಾಲು ಚಿವುಟ್ತಾನೇ ಇದ್ದೆ. ಯಾಕವ್ವ ಅಂದ್ರೆ, ನಿದ್ದೆ ಹೋಗ್ಬಾರ್ದು ಕಣೆ ಅಂದೆ." ಅವಳು ಅವ್ವನ ಕಡೆಗೆ ತಿರುಗಿ ಕೂತಳು. "ನಿದ್ದೆ ಹೋದ್ರೆ ಏಳಲ್ಲ ಅಂತ ಆಗ್ಲೇ ನಿಂಗೆ ಹೆಂಗೆ ಗೊತ್ತಿತ್ತು?"

ಇಷ್ಟು ವರ್ಷ ಇದನ್ನು ಒಳಗೇ ಇಟ್ಟುಕೊಂಡಿದ್ದಳಲ್ಲ ಎಂದು ನಂಜಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು. ಪರದೆಯ ಕಡೆಗೊಮ್ಮೆ ನೋಡಿದಳು. ಕುಪ್ಪಸದ ತೋಳು ಮೇಲಕ್ಕೇರಿಸಿ ಕೈಯನ್ನು ಮೇಜಿನ ಮೇಲೆ ಚಾಚಿದಳು.

"ಡಾಕ್ಟ್ರಮ್ಮ," ಎಂದಳು, ದನಿ ತಗ್ಗಿಸದೆ. "ಹೆಸರಿಡೋಕ್ ಮುಂಚೆ ಮಣ್ಣಾದವನ್ನ ನಮ್ಮ ಕಡೆ ಲೆಕ್ಕಕ್ಕೆ ತಗೊಳ್ಳಲ್ಲ. ನೀವು ತಗೋತೀರಿ ಅಂದ್ರೆ, ನಂಗೆ ಐದು ಮಕ್ಕಳು."