ರೂಪೇಶ ನೋಡಿದಷ್ಟು

"ಸರಿದದೆ!" ಫೋನಿನಲ್ಲಿ ಆಯಿಯ ಧ್ವನಿ ನಡುಗುತ್ತಿತ್ತು. "ನಿನ್ನೆ ಇಷ್ಟು ಮುಂದೆ ಇರಲಿಲ್ಲ. ಅಂವ ನೋಡಿದಾ, ರಕ್ಷಿತಾ. ಎಲ್ಲೋ ಕೂತು ನೋಡಿದಾ."

"ಹಾಗಾರೆ ಉಣ್ಣು, ಆಯಿ," ಎಂದಳು ರಕ್ಷಿತಾ.

ಹಟ್ಟಿಕೇರಿಯ ಮನೆಯ ಟಿವಿಯಲ್ಲಿದ್ದ ವಿಡಿಯೊ ಸೇವೆಯೊಂದರಲ್ಲಿ ಅಣ್ಣ ರೂಪೇಶನ ಹೆಸರಿನ ಪ್ರೊಫೈಲ್ ಇತ್ತು. ಅದರೊಳಗೆ ಅವನು ಅರ್ಧಕ್ಕೆ ಬಿಟ್ಟ ಒಂದು ಸರಣಿ. ಪ್ರತಿ ಕಂತಿನ ಚಿತ್ರದ ಕೆಳಗೆ, ಎಷ್ಟು ನೋಡಿಯಾಗಿದೆ ಎಂದು ತೋರಿಸುವ ಕೆಂಪು ಗೆರೆ.

ರೂಪೇಶ ಪಶ್ಚಿಮ ಆಫ್ರಿಕಾದ ಸಮುದ್ರದಲ್ಲಿ ತೈಲಬಾವಿಗಳಿಗೆ ಸಾಮಾನು ಒಯ್ಯುವ ಬೋಟಿನಲ್ಲಿ ಖಲಾಸಿ. ಅಲ್ಲಿಗೆ ಹೋದ ವಾರವೇ ಫೋನ್ ಮಾಡಿ ಗೊಣಗಿದ್ದ: "ಈ ದೇಶದಲ್ಲಿ ಆ ಸೇವೆಯೇ ಇಲ್ಲ. ನಾಲ್ಕನೇ ಕಂತು ಅರ್ಧದಲ್ಲಿ ನಿಂತಿತು. ನಂದನ್ನ ಯಾರೂ ಮುಟ್ಟಬೇಡಿ."

ಮೇ ತಿಂಗಳಲ್ಲಿ ಬೋಟು ಸಂಪರ್ಕ ಕಳೆದುಕೊಂಡಿತು. ಅವಶೇಷ ಸಿಗಲಿಲ್ಲ. ಶವಗಳೂ ಸಿಗಲಿಲ್ಲ. ತಾಯಿ ಹೀರಾ ಅನ್ನ ಬಿಟ್ಟಳು. ಅಂಕೋಲೆಯ ಡಾಕ್ಟರು ಎರಡು ಸಲ ಡ್ರಿಪ್ ಹಾಕಿ, ಹೀಗೇ ಮುಂದುವರಿದರೆ ಈಕೆ ಉಳಿಯುವುದಿಲ್ಲ ಎಂದು ರಕ್ಷಿತಾಳಿಗೆ ನೇರವಾಗಿ ಹೇಳಿದರು.

ಆಗ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಸಣ್ಣ ಸುದ್ದಿಯೊಂದು ಬಂತು. ಆ ವಿಡಿಯೊ ಸೇವೆ ಪಶ್ಚಿಮ ಆಫ್ರಿಕಾದ ಕೆಲವು ದೇಶಗಳಿಗೆ ವಿಸ್ತರಿಸಿತ್ತು. ರೂಪೇಶ ಇದ್ದ ದೇಶವೂ ಅದರಲ್ಲಿತ್ತು. ರಕ್ಷಿತಾ ಓದಿ ಹೇಳಿದಾಗ ಆಯಿ ತಲೆ ಎತ್ತಿದಳು.

"ಅಲ್ಲೂ ಬಂತನೇ? ಇದ್ದರೆ ನೋಡೇ ನೋಡ್ತಾ ಅಂವ."

ಮರುವಾರ ಗೆರೆ ಸರಿಯಿತು. ಹೀರಾ ಗಂಜಿ ಕುಡಿದಳು.

ಅಲ್ಲಿಂದ ಅದೇ ಕ್ರಮ. ಸಂಜೆ ದೀಪ ಹಚ್ಚಿದ ಮೇಲೆ ಹೀರಾ ಟಿವಿ ಹಾಕಿ ಗೆರೆ ನೋಡುತ್ತಾಳೆ. ಕಾರವಾರದಲ್ಲಿ ಕೆಲಸಕ್ಕಿರುವ ಮಗಳಿಗೆ ಫೋನ್ ಮಾಡುತ್ತಾಳೆ. ಆಮೇಲೆ ಉಣ್ಣುತ್ತಾಳೆ. ಗೆರೆ ನಾಲ್ಕನೆಯ ಕಂತು ದಾಟಿತು, ಐದನೆಯದನ್ನೂ ಮುಗಿಸಿತು.

"ಆದಿತ್ಯವಾರ ಮಾತ್ರ ನೋಡೂದಿಲ್ಲ ನೋಡು," ಎಂದಳು ಹೀರಾ ಒಮ್ಮೆ, ರಜೆಗೆ ಬಂದ ಮಗಳ ತಟ್ಟೆಗೆ ಬಂಗಡೆ ಹಾಕುತ್ತ. "ನೀನು ಮನೆಗೆ ಬಂದ ದಿನ ಅವನಿಗೂ ರಜೆ."

ರಕ್ಷಿತಾ ಮುಳ್ಳು ಬಿಡಿಸುತ್ತ ಕೂತಳು.

ಅಷ್ಟರಲ್ಲಿ ಟಿವಿಯ ವಾರ್ತೆಯಲ್ಲಿ ಎಲ್ಲಿಯದೋ ದೋಣಿಯೊಂದು ಮಗುಚಿತು. ಹೀರಾ ಎಂಜಲು ಕೈಯಲ್ಲೇ ರಿಮೋಟ್ ಹಿಡಿದು ಟಿವಿ ಆರಿಸಿದಳು. "ಮನೆಯವರು ನೀರಿನ ಮೇಲಿರುವಾಗ ದೋಣಿ ಮುಳುಗೂದನ್ನ ನೋಡೂಕಾಗ."

"ಟಿವಿಯಲ್ಲೂ?"

"ಟಿವಿಯಲ್ಲೂ."

ಅದು ಅವಳ ಅತ್ತೆಯ ಕಾಲದ ಕಟ್ಟಳೆ. ರೂಪೇಶ ಮಾತ್ರ ನಗುತ್ತಿದ್ದ. ಅಂಥ ದೃಶ್ಯ ಬಂದರೆ ಟಿವಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ, ದೋಣಿ ಯಾವ ಬದಿಯಿಂದ ನೀರು ಕುಡಿಯಿತು ಎಂದು ನೋಡಲು.

ಅಕ್ಟೋಬರಿನಲ್ಲಿ ರಕ್ಷಿತಾ ಕಚೇರಿಯ ಮೆಟ್ಟಿಲ ಮೇಲೆ ಕುಸಿದಳು. ಡೆಂಗಿ. ಬಿದ್ದ ಹೊಡೆತಕ್ಕೆ ಮೊಬೈಲೂ ಒಡೆಯಿತು. ಕಾರವಾರದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವಳಿಗೆ ಮೊದಲು ನೆನಪಾದದ್ದು ಗೆರೆ. ಅದು ಇನ್ನು ಸರಿಯುವುದಿಲ್ಲ. ಸರಿಸುತ್ತಿದ್ದ ಕೈಗೆ ಈಗ ಡ್ರಿಪ್ಪಿನ ಸೂಜಿ ಚುಚ್ಚಿತ್ತು.

ಮನೆಯ ಟಿವಿಗೂ ಅವಳ ಮೊಬೈಲಿಗೂ ಖಾತೆ ಒಂದೇ. ಊಟದ ಬಿಡುವಿನಲ್ಲಿ ಅಣ್ಣನ ಪ್ರೊಫೈಲ್ ತೆರೆದು, ಶಬ್ದ ಬಂದ್ ಮಾಡಿ, ಒಂದಿಷ್ಟು ಓಡಿಸಿ ಮುಚ್ಚುವುದು. ಇಷ್ಟು ತಿಂಗಳೂ ಅವಳು ಮಾಡಿದ್ದು ಅಷ್ಟೇ. ಈಗ ಗೆರೆ ನಿಂತಿದೆ. ಆಯಿ ಅನ್ನ ಬಿಟ್ಟಿರುತ್ತಾಳೆ. ರಕ್ಷಿತಾ ಗೋಡೆಯ ಕಡೆ ತಿರುಗಿದಳು. ನರ್ಸ್ ತಂದ ಗಂಜಿಯನ್ನು ಮುಟ್ಟಲಿಲ್ಲ.

ಮರುದಿನ ಹೀರಾ ಬಸ್ಸು ಹತ್ತಿ ಬಂದಳು. ಮಗಳ ಹಣೆ ಮುಟ್ಟಿದಳು. ಮುಟ್ಟದ ಗಂಜಿಯನ್ನು ನೋಡಿದಳು.

"ನೀನು ಉಂಡ್ಯಾ, ಆಯಿ?"

"ಉಣ್ಣದೆ ಎಂಥಾ? ಅಂವ ನಿನ್ನೆಯೂ ನೋಡಿದಾ. ಒಂದು ಕಂತು ಪೂರ್ತಿ. ಬಾಯಿ ತೆರೆ ಈಗ."

ರಕ್ಷಿತಾ ಆಯಿಯ ಮಣಿಕಟ್ಟು ಹಿಡಿದಳು. "ನಿನ್ನೆ? ಗೆರೆ ಸರಿದದೆಯಾ? ಸರಿಯಾಗಿ ನೋಡಿದ್ಯಾ?"

"ನನಗೆ ಕಣ್ಣು ಕಾಣೂದಿಲ್ಲನೇ? ಬಾಯಿ ತೆರೆ."

ಅವಳು ಬಾಯಿ ತೆರೆದಳು. ಗಂಜಿ ಖಾಲಿಯಾಯಿತು. ಆಯಿ ಪ್ರತಿದಿನವೂ ಬಂದಳು, ಪ್ರತಿದಿನವೂ ಗೆರೆ ಸರಿದಿತ್ತು.

ಬಿಡುಗಡೆಯಾದ ದಿನ ರಕ್ಷಿತಾ ಆಸ್ಪತ್ರೆಯಿಂದ ನೇರ ಹೋದದ್ದು ರೂಪೇಶನನ್ನು ಕೆಲಸಕ್ಕೆ ಕಳಿಸಿದ್ದ ಏಜೆಂಟ್ ಸತೀಶನ ಕಚೇರಿಗೆ. ಹುಡುಕಾಟವನ್ನು ಶನಿವಾರ ನಿಲ್ಲಿಸುವುದಾಗಿ ಬೋಟಿನ ಕಂಪನಿ ತಿಳಿಸಿತ್ತು.

"ನಿಲ್ಲಿಸಬೇಡಿ ಅಂತ ಹೇಳಿ. ಅಣ್ಣ ಇದ್ದಾನೆ. ಅವನ ಪ್ರೊಫೈಲಿನಲ್ಲಿ ಸರಣಿ ಮುಂದೆ ಹೋಗ್ತಾ ಇದೆ."

ಸತೀಶ ಕನ್ನಡಕ ತೆಗೆದ. "ಕೇಳ್ತೇನೆ ಅಂತ ಬೇಜಾರಾಗಬೇಡ ತಂಗಿ. ನೀನೇ ಓಡಿಸಿರಬಹುದಲ್ಲ?"

"ಈ ಸಲ ನಾನಲ್ಲ."

ಅವನು ಅವಳ ಮುಖವನ್ನೇ ನೋಡಿದ. "ಆಯ್ತು. ಪರದೆಯ ಫೋಟೊ ತಾ, ಕಳಿಸ್ತೇನೆ. ಎಲ್ಲಿಂದ ನೋಡಿದ್ದು ಅಂತ ಆ ಸೇವೆಯವರನ್ನ ಅವರು ಕೇಳಲಿ."

ಗೆಳತಿ ಮಾನಸಾಳ ಮೊಬೈಲು ಎರವಲು ಪಡೆದು ರಕ್ಷಿತಾ ಹಟ್ಟಿಕೇರಿಗೆ ಬಂದಳು. ಬಸ್ಸಿನಲ್ಲಿ ಪಕ್ಕದವಳು ಯಾಕೆ ಅಳುತ್ತೀ ಎಂದು ಕೇಳಿದಾಗ, ಅಣ್ಣ ಸಿಕ್ಕಿದ ಎಂದಳು.

ಚಪ್ಪಲಿ ಕಳಚಿದವಳೇ ಟಿವಿ ಹಾಕಿದಳು. ಅಡುಗೆಮನೆಯಲ್ಲಿ ಆಯಿ ಕಾಯಿ ತುರಿಯುತ್ತಿದ್ದಳು. ಪರದೆಯ ಮೇಲೆ ಕಂತುಗಳ ಸಾಲು. ನಾಲ್ಕನೆಯದರ ಅರ್ಧದಿಂದ ಐದರ ಕೊನೆಯವರೆಗೆ ತಾನೇ ಓಡಿಸಿದ್ದು. ಆರನೆಯದರ ಕೆಳಗೆ ಗೆರೆ ತುಂಬಿತ್ತು. ಎಂಟನೆಯದು ಪೂರ್ತಿ, ಒಂಬತ್ತನೆಯದು ಅರ್ಧ. ರಕ್ಷಿತಾ ಮೊಬೈಲು ಎತ್ತಿದಳು. ಕ್ಯಾಮೆರಾದ ಚೌಕಟ್ಟಿನ ನಡುವೆ ಏಳನೆಯ ಕಂತಿನ ಚಿತ್ರ ನಿಂತಿತ್ತು: ಅಲೆಗಳ ನಡುವೆ ಮಗುಚಿದ ದೋಣಿ. ಅದರ ಕೆಳಗೆ ಗೆರೆ ಇರಲಿಲ್ಲ. ಕೂದಲೆಳೆಯಷ್ಟೂ.

"ಸರಿದದೆಯನೇ?" ಒಳಗಿನಿಂದ ಆಯಿ ಕೂಗಿದಳು.

ಮೊಬೈಲು ಮೆಲ್ಲಗೆ ಕೆಳಗಿಳಿಯಿತು. "ಸರಿದದೆ, ಆಯಿ."

"ಹಾಗಾರೆ ಬಾ, ಉಣ್ಣು."

ಆ ಮನೆಯಲ್ಲಿ ಮುಳುಗುವ ದೋಣಿಯನ್ನು ನೋಡದವಳು ಒಬ್ಬಳೇ.