ಒಲಿ ಸಣ್ಣ ಮಾಡ

ಎರಡನೆಯ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು. ಪಂಪಾವತಿಯ ಎರಡೂ ಕೈಗೆ ಜೋಳದ ಹಿಟ್ಟು. "ಅಮೃತಾ, ಯಾರು ನೋಡವ್ವ," ಎಂದಳು. ಜಡೆ ಹಾಕಿಸಿಕೊಳ್ಳಲು ರಿಬ್ಬನ್ ಹಿಡಿದು ಕಾಯುತ್ತಿದ್ದ ಮಗಳು ಸ್ಪೀಕರ್ ಹಾಕಿ, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ದಿನಾ ಬೆಳಿಗ್ಗೆ ಅದರ ಜಾಗ ಅದೇ. ರೊಟ್ಟಿ ಬಡಿಯುತ್ತ ಪಂಪಾವತಿ ಬಾಯಲ್ಲಿ ಕಥೆ ಹೇಳುವಳು, ಫೋನು ಕೇಳಿಸಿಕೊಂಡು ಅಕ್ಷರ ಮಾಡುವುದು. ಕುರ್ಚಿಯಲ್ಲಿ ಕೂತು ಬರೆಯುವ ಪುಣ್ಯವಂತರು ಬೇರೆ.

"ಪಂಪಾವತಿಯವರಾ? ಭಾನುವಾರದ ಪುರವಣಿಯ ಸಂಪಾದಕ ಮಾತಾಡ್ತಿದ್ದೀನಿ, ಬೆಂಗಳೂರಿಂದ. ನಿಮ್ಮ ಕಥೆ ಈ ವಾರ ಬರ್ತಿದೆ."

ಬಡಿಯುವ ಕೈ ಹಿಟ್ಟಿನ ಮೇಲೆಯೇ ನಿಂತಿತು. ಈವರೆಗೆ ಆ ಪುರವಣಿಯಿಂದ ಬಂದದ್ದೆಲ್ಲ ಬರೀ ವಿಷಾದದ ಪತ್ರ. ಬಾಗಿಲ ಬಳಿ ಕೂತು, ಮಗ ಮಿಲ್ಲಿನಿಂದ ತಂದ ಅಕ್ಕಿಯನ್ನು ಮೊರದಲ್ಲಿ ಹಸನು ಮಾಡುತ್ತಿದ್ದ ಅತ್ತೆ ಹುಲಗಮ್ಮ ತಲೆ ಕೂಡ ಎತ್ತಲಿಲ್ಲ. "ನಮ್ಮ ಸೊಸಿ ಹಿಟ್ಟಿನ ಡಬ್ಬಿ ಜೋಡಿ ಕಷ್ಟಸುಖ ಮಾತಾಡ್ತಾಳವ್ವ," ಎಂದು ಆಕೆ ಪಕ್ಕದ ಮನೆಯ ಜೋಹರಾಬಿಯ ಮುಂದೆ ನಗುವುದು ಓಣಿಗೆಲ್ಲ ಗೊತ್ತು.

"ಇದ್ದದ್ದು ಹೇಳಿಬಿಡ್ತೀನಿ," ಸಂಪಾದಕರು ಮುಂದುವರಿಸಿದರು. "ಕಥೆ ಕೊನೇವರೆಗೂ ಸಾಧಾರಣ. ನಾವು ತಗೊಂಡಿದ್ದು ಆ ಒಂದು ಸಾಲಿಗೆ. ಮುದುಕಿ ಸಾಯ್ತಿದ್ದಾಳೆ. ಮಕ್ಕಳು, ಸೊಸೆಯರು ಸುತ್ತ ಕೂತಿದ್ದಾರೆ, ಏನೋ ದೊಡ್ಡ ಮಾತು ಹೇಳ್ತಾಳೆ ಅಂತ. ಆಕೆ ಕಣ್ಣು ಬಿಟ್ಟು ಏನಂತಾಳೆ? 'ಹಾಲು ಉಕ್ಕಾಕತ್ತಾವು, ಒಲಿ ಸಣ್ಣ ಮಾಡ!' ಅಬ್ಬಾ! ಒಂದು ಇಡೀ ಜನ್ಮ ಅದರೊಳಗಿದೆ ಕಣ್ರೀ. ಎಲ್ಲಿಂದ ಹೊಳೀತು ನಿಮಗೆ?"

ಪಂಪಾವತಿ ಬೆಪ್ಪಾದಳು. ಮುದುಕಿಯ ಬಾಯಿಗೆ ತಾನು ಹೇಳಿದ್ದು, "ಎಲ್ಲರೂ ಕೂಡಿ ಬಾಳಿರಪ್ಪಾ" ಎಂಬ ಮಾತು. ಆ ಬೆಳಿಗ್ಗೆ ಅವಳು ಅದನ್ನು ಗದ್ಗದಿತಳಾಗಿ ಹೇಳುವಾಗಲೇ ಹಾಲು ಉಕ್ಕಿ ಬಂದಿತ್ತು, ಬಾಗಿಲಿನಿಂದ ಅತ್ತೆ ಚೀರಿದ್ದಳು, ಹೊರಗೆ ಶಾಲೆಯ ಆಟೋ ಹಾರ್ನು ಹೊಡೆದಿತ್ತು. ಗಡಿಬಿಡಿಯಲ್ಲಿ ಓದದೆಯೇ ಕಥೆ ಕಳಿಸಿದ್ದಳು. ಹಿಂದೊಮ್ಮೆ ಬೇರೊಂದು ಕಥೆಯಲ್ಲಿ ಮದುಮಗಳು ತಾಳಿಗೆ ಕೊರಳು ಬಾಗಿಸುವ ಹೊತ್ತಿಗೆ ಓಣಿಯಲ್ಲಿ ಕಾಯಿಪಲ್ಲೆ ಮಾರುವ ಪಂಪಣ್ಣನ "ಬದನೀಕಾಯಿ ತಾಜಾ!" ಸೇರಿಕೊಂಡಿತ್ತು. ಅದನ್ನು ಕಂಡು ಅಳಿಸಿದ್ದಳು. ಇದು ಕಣ್ತಪ್ಪಿತ್ತು. ಫೋನು ಅತ್ತೆ-ಸೊಸೆ ಇಬ್ಬರಲ್ಲಿ ದೊಡ್ಡ ದನಿಯನ್ನು ಆರಿಸಿಕೊಂಡಿತ್ತು.

ಅಮೃತಾಳಿಗೂ ತಿಳಿಯಿತು. ಅಜ್ಜಿಯ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು, ಏನೋ ಕೇಳಲು ಬಾಯಿ ತೆರೆದಳು. ಪಂಪಾವತಿ ಕಣ್ಣಲ್ಲೇ ಬೇಡವೆಂದಳು. ಮಗಳು ರಿಬ್ಬನ್ನಿನ ತುದಿ ಕಚ್ಚಿ ಹಿಡಿದಳು. ಮೊರದ ಸದ್ದೂ ನಿಂತಿತ್ತು.

"ಹೀಗೇ ಹೊಳೀತು ಸರ್" ಎಂದರೆ ಸಾಕಿತ್ತು. ಭಾನುವಾರ ತನ್ನ ಹೆಸರು ಅಚ್ಚಿನಲ್ಲಿ ಬರುತ್ತಿತ್ತು. ನಿಜ ಹೇಳಿದರೆ ಆ ಸಾಲು ಹೋಗುತ್ತದೆ, ಸಾಲಿನ ಹಿಂದೆ ಕಥೆಯೂ ಹೋಗುತ್ತದೆ. ಆದರೆ ಮಾತಿನ ಒಡತಿ ಎದುರಿಗೇ ಕೂತಿದ್ದಾಳೆ. ಮಗಳು ಬೇರೆ ರೆಪ್ಪೆ ಬಡಿಯದೆ ನೋಡುತ್ತಿದ್ದಾಳೆ.

"ಸರ್, ಅದು ನನ್ನ ಮಾತಲ್ರಿ," ಎಂದಳು ಪಂಪಾವತಿ. "ನಮ್ಮತ್ತಿಯವರು ನನಗ ಬೈದದ್ದು. ನಾ ಕತಿ ಹೇಳಾಕತ್ತಿದ್ದೆ, ಫೋನು ಅದನ್ನೂ ಕೇಳಿ ಬರಕೊಂಡೈತ್ರಿ. ಬ್ಯಾಡಾದ್ರ ವಾಪಸ್ ಕಳಸ್ರಿ."

ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿದ್ದರೂ ಯಾರೂ ತಿರುವಲಿಲ್ಲ. ಆಮೇಲೆ ಫೋನಿನೊಳಗಿಂದ ನಗು ಬಂತು, ಕೆಮ್ಮು ಬರುವವರೆಗಿನ ನಗು.

"ವಾಪಸ್ಸಾ? ಸುಮ್ನಿರಿ! ನಿಮ್ಮತ್ತೆ ಈಗಲೂ ಬೈತಾರಾ?"

"ದಿನಾ ಬೈತಾರ್ರಿ."

"ಹಾಗಾದ್ರೆ ಮುಂದಿನ ಕಥೆ ಬೇಗ ಕಳಿಸಿ!"

ಕರೆ ಮುಗಿದದ್ದೇ ಹುಲಗಮ್ಮ ಮೊರ ಕೆಳಗಿಟ್ಟು ಎದ್ದು ಬಂದಳು. "ಅಲ್ಲಾ, ಸಾಯೋ ಮುದುಕಿ ಬಾಯಾಗ ನನ್ನ ಮಾತು ಇಟ್ಟೀದಿ. ಅಂದ್ರ ಕತಿಯಾಗ ನನ್ನ ಸಾಯಿಸೀದಿ ಏನು?"

"ನಾ ಎಲ್ಲಿ ಇಟ್ಟೆ ಅತ್ತಿ? ನೀವಾಗೇ ಬಂದು ಕುಂತೀರಿ."

"ಆತು, ಸತ್ತೆ. ಆಮ್ಯಾಲ ಯಾರರೆ ಒಲಿ ಸಣ್ಣ ಮಾಡಿದ್ರೋ, ಎಲ್ಲಾರೂ ಅಳಕೋತ ಕುಂತ್ರೋ?"

ಪಂಪಾವತಿ ನಗು ತಡೆಯಲಾರದೆ ಕರಿದಾದ ರೊಟ್ಟಿ ತೆಗೆದು ಬದಿಗಿಟ್ಟಳು. ಮೈಮನಸ್ಸು ಹತ್ತಿಯಷ್ಟು ಹಗುರಾಗಿತ್ತು. ಈ ಹುರುಪು ಆರುವ ಮೊದಲೇ ಹೊಸ ಕಥೆ ಹಿಡಿಯಬೇಕು. "ಅಮೃತಾ, ಮೈಕ್ ಒತ್ತವ್ವ," ಎಂದು ಇನ್ನೊಂದು ಉಂಡೆ ತಟ್ಟತೊಡಗಿದಳು.

ಫೋನಿನಲ್ಲಿ ಮೈಕಿನ ಗುರುತು ಹೊತ್ತಿಕೊಂಡಿತು. ಪಂಪಾವತಿ ಮೊದಲ ಸಾಲು ಹುಡುಕುತ್ತಿರುವಾಗಲೇ ಹುಲಗಮ್ಮ ಸೆರಗು ಸರಿಮಾಡಿಕೊಂಡು, ಗಂಟಲು ಕೆರೆದು, ಹಿಟ್ಟಿನ ಡಬ್ಬಿಯ ಹತ್ತಿರಕ್ಕೆ ಬಗ್ಗಿದಳು. ಗಂಗಾವತಿ ಬಸ್ ನಿಲ್ದಾಣದ ಮೈಕಿನಲ್ಲಿ ಕುಷ್ಟಗಿ ಬಸ್ಸಿನ ಸೂಚನೆ ಬರುವ ಧಾಟಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಕೂಗಿದಳು: "ಪಂಪಾವತಿಯವರೇ! ತಾವು ಬ್ಯಾಳಿಗೆ ಉಪ್ಪು ಹಾಕಿರುವುದಿಲ್ಲ! ತಮಗೆ ಖಬರು ಐತೇನು?"

ಅಮೃತಾ ಬಾಯೊಳಗಿನ ರಿಬ್ಬನ್ ತೆಗೆದಳು. ಈ ಸಲ ಅವ್ವನ ಕಣ್ಣಿನ ಅಪ್ಪಣೆಗೆ ಕಾಯಲಿಲ್ಲ.

"ಅಜ್ಜೀ, ನೀ ಈಗ ಬೈಯಾಕತ್ತೀಯೋ, ಬರಿಯಾಕತ್ತೀಯೋ?"